ಬ್ರಿಯೋನ್ಸ್ ಗುಡ್ಡದ ಸುತ್ತು

ಕ್ಯಾಲಿಫೋರ್ನಿಯಾದ ಬ್ರಿಯೋನ್ಸ್ ರೀಜನಲ್ ಪಾರ್ಕ್‌ಗೆ ಜೂನ್‌ನಲ್ಲಿ ಹೋಗೋರು ಟೋಪಿ, ನೀರು ಮರೆಯಬೇಡಿ. 1,483 ಅಡಿಯ ಬ್ರಿಯೋನ್ಸ್ ಪೀಕ್ ಅಂಥಾ ಎತ್ತರವೇನಲ್ಲ, ಆದರೆ ಬೋಳುಗುಡ್ಡದ ಏರಿನಲ್ಲಿ ನೆರಳು ಅನ್ನೋದೇ ಅಪರೂಪ. ನಮ್ಮ ಕಡೆ ಮುಂಗಾರು ಹಿಡಿದು ಗುಡ್ಡ ಹಸಿರಾಗೋ ಹೊತ್ತಿಗೆ ಇಲ್ಲಿ ಎಲ್ಲಾ ಒಣಗಿ ಹೊಂಬಣ್ಣ. ಮಳೆಯೇನಿದ್ದರೂ ಚಳಿಗಾಲದ್ದು. ಮಾರ್ಚ್‌ನಲ್ಲಿ ಬಂದರೆ ಬಾಬಾಬುಡನ್‌ಗಿರಿ ನೆನಪಾಗುವಷ್ಟು ಹಸಿರು, ಜೊತೆಗೆ ಬೂಟಿಗೆ ಮೆತ್ತಿಕೊಂಡು ಕಾಲೆತ್ತೋಕೂ ಬಿಡದ ಜೇಡಿಮಣ್ಣು!

ಎಲ್ಲರೂ ಫೋಟೋ ಹೊಡೆಯೋ ಆ ಹೊನ್ನಿನ ಹುಲ್ಲು ಬಹುಪಾಲು ಈ ನೆಲದ್ದಲ್ಲ. ಯುರೋಪಿನವರು, ಅವರ ದನಕರುಗಳ ಜೊತೆ ಬಂದು ಬೇರೂರಿದ ಕಾಡು ಓಟ್ಸ್ ಮುಂತಾದವು. ಈಗ ಅದನ್ನ ಹತೋಟಿಯಲ್ಲಿಡೋಕೂ ದನಗಳೇ ಬೇಕು. ಒಣಹುಲ್ಲು ಬೆಳೆದು ಬೆಂಕಿಗೆ ದಾರಿಯಾಗದಿರಲಿ ಅಂತ ಪಾರ್ಕಿನವರೇ ಮೇಯೋಕೆ ಬಿಡ್ತಾರೆ.

ದಾರಿಗಡ್ಡ ನಿಂತ ಕರಿ ಹಸುವಿಗೆ 'ಹೈ ಹೈ' ಅಂದೆ. ಒಂದು ಕಿವಿ ಅಲ್ಲಾಡಿಸಿ ಮೆಲುಕು ಮುಂದುವರಿಸಿತು, ಅಷ್ಟೇ. (ಕನ್ನಡ ಬರಲ್ಲ, ಪಾಪ.) ಕರು ಜೊತೆಗಿದ್ದರೆ ಮಾತ್ರ ಧೈರ್ಯ ತೋರಿಸೋಕೆ ಹೋಗದೆ ಬಳಸಿಕೊಂಡು ಹೋಗಿ. ಗೇಟು ದಾಟಿದ ಮೇಲೆ ಚಿಲಕ ಹಾಕಿ. ಹಿಂದೆ ಬರೋರು ಹಾಕ್ತಾರೆ ಅಂತ ಬಿಡಬೇಡಿ.