ಆಟದ ಮೋಟಾರಿನ ಬೆಲೆ

ಹುಣಸೂರಿನ ಆ ಮನೆಯ ಅಟ್ಟದಿಂದ ಇಳಿಸಿದ ತಗಡಿನ ಪೆಟ್ಟಿಗೆಯಲ್ಲಿ, ಹಳೆಯ ಪಂಚಾಂಗಗಳ ಕೆಳಗೆ, ಅಂಗೈಯಷ್ಟುದ್ದದ ಕೆಂಪು ಮೋಟಾರೊಂದಿದ್ದಿತು. ನಿವೃತ್ತ ಉಪಾಧ್ಯಾಯರಾದ ಮನೆಯ ಯಜಮಾನರು ಅದನ್ನು ಕಂಡೊಡನೆಯೇ ಗುರುತಿಸಿದರು. 1971ರ ಸುಮಾರಿನಲ್ಲಿ ಅವರ ತಂದೆ ಮೈಸೂರಿನ ದಸರಾ ವಸ್ತುಪ್ರದರ್ಶನದಿಂದ ಹಿರಿಯ ಮಗನಿಗೆಂದು ತಂದಿದ್ದ ಜಾಗ್ವಾರ್ ಮಾರ್ಕ್ ಟೆನ್ ಅದು. ಆ ಅಣ್ಣ ತೀರಿಕೊಂಡು ಎರಡು ವರ್ಷವಾಗಿದ್ದಿತು. ಅತ್ತಿಗೆ ಪಿರಿಯಾಪಟ್ಟಣದಲ್ಲಿ ಒಬ್ಬರೇ ಇದ್ದರು. ಇಂಥ ಆಟಿಕೆಗಳಿಗೆ ಈಗ ಸಾವಿರಗಟ್ಟಲೆ ರೂಪಾಯಿ ಬರುವುದುಂಟೆಂದು ಕೇಳಿದ್ದುದರಿಂದ, ಬಂದ ಹಣ ಆಕೆಗೆ ಸಲ್ಲತಕ್ಕುದೆಂದು ನಿಶ್ಚಯಿಸಿ, ಉಪಾಧ್ಯಾಯರು ಅದನ್ನು ಪಂಚೆಯ ತುಂಡಿನಲ್ಲಿ ಸುತ್ತಿಕೊಂಡು ಮೈಸೂರಿನ ಒಬ್ಬ ಸಂಗ್ರಾಹಕರಲ್ಲಿಗೆ ಹೋದರು.

ಸಂಗ್ರಾಹಕರು ಮೊದಲು ಅದನ್ನು ಮಗುಚಿ ತಳವನ್ನು ನೋಡಿದರು. ಬಲ್ಲವರೆಲ್ಲರ ಕ್ರಮವೇ ಅದು. ತಯಾರಕರ ಹೆಸರೂ ಊರೂ ಅಲ್ಲಿಯೇ ಅಚ್ಚಾಗಿರುವುದು ವಾಡಿಕೆ. ಲಿವರ್‌ಪೂಲ್ ನಗರದಲ್ಲಿ ಫ್ರಾಂಕ್ ಹಾರ್ನ್‌ಬಿ ಸ್ಥಾಪಿಸಿದ ಮೆಕ್ಕಾನೊ ಕಂಪೆನಿಯು 1934ರಿಂದ ಡಿಂಕಿ ಎಂಬ ಹೆಸರಿನಲ್ಲಿ ಇವನ್ನು ಮಾರುತ್ತಿದ್ದಿತು. ಅದರ ಕೆಲವು ಹಳೆಯ ಅಚ್ಚುಗಳು ಮುಂದೆ ಕಲ್ಕತ್ತೆಗೆ ಬಂದುವು; ಅಲ್ಲಿ ಎರೆದ ಬಂಡಿಗಳು ನಿಕ್ಕಿ ಎಂಬ ಹೆಸರಿನಿಂದ ಮಾರಾಟವಾದುವು. ಉಪಾಧ್ಯಾಯರ ಬಂಡಿಯ ತಳದಲ್ಲಿ ಹಳೆಯ ಹೆಸರನ್ನು ಅಳಿಸಿದ ಕುರುಹು ಕಾಣುತ್ತಿದ್ದಿತು. ನಕಲಿಯಿರಬೇಕೆಂದು ಅವರು ಕುಗ್ಗಿದರು. ಆದರೆ ಕಲ್ಕತ್ತೆಯ ಗುರುತೇ ಅದು. ಅದನ್ನೇ ಅರಸುವ ಸಂಗ್ರಾಹಕರು ವಿದೇಶಗಳಲ್ಲಿಯೂ ಇದ್ದಾರೆ.

ಆಮೇಲೆ ಲೋಹದ ಪರೀಕ್ಷೆ. ಸತುವಿಗೆ ಅಲ್ಯೂಮಿನಿಯಂ ಮೊದಲಾದವನ್ನು ಬೆರೆಸಿ ಎರೆದ ಈ ಮಿಶ್ರಲೋಹದಲ್ಲಿ ಸೀಸದ ಅಂಶ ಸೇರಿಬಿಟ್ಟರೆ, ವರ್ಷಗಳು ಕಳೆದಂತೆ ಅದು ಒಳಗಿನಿಂದಲೇ ಬಿರುಕೊಡೆದು ಪುಡಿಯಾಗುತ್ತದೆ. ಎರಡನೆಯ ಮಹಾಯುದ್ಧಕ್ಕೆ ಹಿಂದಿನ ಎಷ್ಟೋ ಡಿಂಕಿಗಳು ಹೀಗೆ, ಯಾರೂ ಮುಟ್ಟದೆ, ಗಾಜಿನ ಕಪಾಟಿನಲ್ಲಿಯೇ ಹಾಳಾದುವು. ಇದರಲ್ಲಿ ಆ ರೋಗವಿರಲಿಲ್ಲ. ಮೂಲದ ರಟ್ಟಿನ ಪೆಟ್ಟಿಗೆಯೂ ಇರಲಿಲ್ಲ. ಅದಿದ್ದಿದ್ದರೆ ಬೆಲೆ ಎಷ್ಟೋ ಏರುತ್ತಿದ್ದಿತು. ಆಡುವ ಮಗು ಪೆಟ್ಟಿಗೆಯನ್ನು ಜೋಪಾನಮಾಡುವುದೆಲ್ಲಿ ಬಂತು!

ಕೊನೆಗೆ ಬಣ್ಣ. ಭೂತಗನ್ನಡಿಯಿಟ್ಟು ನೋಡಲಾಗಿ, ಕೆಂಪು ಬಣ್ಣವು ತಳದ ರಿವೆಟ್ಟುಗಳ ಮೇಲೂ ಕಿಟಕಿಯ ಅಂಚಿಗೂ ಹರಿದಿದ್ದಿತು. ಬಾಗಿಲಿನ ಸಣ್ಣ ಗೆರೆಗಳು ಅದರಲ್ಲಿ ಮುಚ್ಚಿಹೋಗಿದ್ದುವು. ಕಾರ್ಖಾನೆಯಲ್ಲಿ ಬಣ್ಣ ಹಾಕಿದ ಮೇಲೆಯೇ ತಳವನ್ನು ಜೋಡಿಸುವುದರಿಂದ, ಇದು ಮನೆಯಲ್ಲಿ ಬಳಿದುದೆಂಬುದರಲ್ಲಿ ಸಂದೇಹವಿರಲಿಲ್ಲ. ಬೆಲೆಯ ಬಹುಪಾಲು ಅಲ್ಲಿಗೆ ಹೋಯಿತು. ಕೆರೆದು ಹೊಸದಾಗಿ ಬಳಿದರೂ ಹೋದದ್ದು ಬಾರದು. "ಯಾರು ಬಳಿದರು?" ಎಂದು ಸಂಗ್ರಾಹಕರು ಕೇಳಿದರು. ಉಪಾಧ್ಯಾಯರು ಉತ್ತರ ಕೊಡಲಿಲ್ಲ.

ಎತ್ತಿನ ಗಾಡಿಗೆ ಬಳಿದು ಮಿಕ್ಕ ಬಣ್ಣ ಅದು. ಏಳು ವರ್ಷದ ತಮ್ಮನು ಬಳಿದನು. ಏಟು ತಿಂದವನು ಅಣ್ಣ. ತಂದೆ ಕೇಳಿದಾಗ ತಮ್ಮನು ಬಾಯಿಬಿಡಲಿಲ್ಲ, ಅಣ್ಣನೂ ದೂರಲಿಲ್ಲ. ಆ ಮೇಲೆ ಐವತ್ತು ವರ್ಷ ಅವರಿಬ್ಬರಲ್ಲಿ ಆ ಮಾತು ಬಂದಿರಲಿಲ್ಲ.

ಮರುದಿನ ಅವರು ಪಿರಿಯಾಪಟ್ಟಣಕ್ಕೆ ಹೋಗಿ, ಬಂಡಿಯನ್ನು ಅತ್ತಿಗೆಯ ಮುಂದಿಟ್ಟು, ಬೆಲೆ ಕುಗ್ಗಿದ ಕಾರಣವನ್ನು ಹೇಳುತ್ತ ಹೇಳುತ್ತ ಅದನ್ನೂ ಹೇಳಿಬಿಟ್ಟರು. ಆಕೆ ಬಂಡಿಯ ಹಿಂಬದಿಯ ಮುಚ್ಚಳವನ್ನು ಉಗುರಿನಿಂದ ಎತ್ತಿ ನೋಡಿದರು.

"ಗೊತ್ತು," ಎಂದರು. "ನಮ್ಮ ಮದುವೆಯಾದ ವರ್ಷವೇ ಅವರು ಹೇಳಿದ್ದರು. ಕಾಫಿ ಆರುತ್ತದೆ, ಕುಡಿಯಿರಿ."