ಒಂದೇ ಹೊಂಡದ ಎದುರು

ಕಾಡುಪ್ರಾಣಿ ನೋಡಲು ಹೊರಟವರಿಗೆ ಸುತ್ತಾಟದ ಮೇಲೆ ನಂಬಿಕೆ ಹೆಚ್ಚು. ಜೀಪು ದೂರ ಓಡಿದಷ್ಟೂ ಹೆಚ್ಚು ಪ್ರಾಣಿ ಕಾಣುತ್ತವೆ ಎಂಬುದು ಅವರ ಲೆಕ್ಕ. ಆಫ್ರಿಕಾದ ದಕ್ಷಿಣ ಭಾಗದ ನಮೀಬಿಯಾದಲ್ಲಿರುವ ಎಟೋಶಾ ರಾಷ್ಟ್ರೀಯ ಉದ್ಯಾನದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಒಣಗಾಲದಲ್ಲಿ ಅಲ್ಲಿ ಒಂದೇ ಹಗಲು ಸಿಕ್ಕರೂ, ಅದರ ಬಹುಪಾಲನ್ನು ಒಂದು ನೀರಿನ ಹೊಂಡದ ಎದುರು ಎಂಜಿನ್ ಆರಿಸಿ ಕೂತು ಕಳೆಯಬೇಕು ಎನ್ನುವುದು ನನ್ನ ವಾದ. ನೋಡುವುದೂ ಒಂದು ಕಲೆ. ಅದು ಕೂತಲ್ಲೇ ಕೈಗೂಡುವಂಥದ್ದು.

ಈ ವಾದಕ್ಕೆ ಆ ನೆಲವೇ ಆಧಾರ. 1907ರಲ್ಲಿ ಜರ್ಮನ್ ವಸಾಹತು ಆಡಳಿತ ಮೀಸಲಿಟ್ಟ ಎಟೋಶಾ ಇಂದು 22,000 ಚದರ ಕಿಲೋಮೀಟರಿಗೂ ಮಿಕ್ಕಿದ ಕಾಡು. ಅದರ ನಡುವೆ ಸುಮಾರು 4,800 ಚದರ ಕಿಲೋಮೀಟರಿನ ಬಿಳಿ ಉಪ್ಪುಬಯಲು. ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆ ಇಲ್ಲವೆಂದೇ ಹೇಳಬೇಕು. ಬುಗ್ಗೆ ಮತ್ತು ಕೊಳವೆಬಾವಿಯ ಹೊಂಡಗಳಲ್ಲಷ್ಟೇ ನೀರು. ಹಾಗಾಗಿ ಪ್ರಾಣಿಗಳನ್ನು ಹುಡುಕಬೇಕಿಲ್ಲ, ಅವೇ ಬರುತ್ತವೆ. ಸ್ಯಾಂಡ್‌ಗ್ರೌಸ್ ಹಕ್ಕಿಗಳು ಗುಂಪುಗುಂಪಾಗಿ ಇಳಿಯುತ್ತವೆ. ಮರಿಗಳಿರುವ ಗಂಡು ಹೊಟ್ಟೆಯ ಗರಿಗಳಲ್ಲಿ ನೀರು ಹೀರಿಸಿಕೊಂಡು ದೂರದಲ್ಲಿರುವ ಅವುಗಳಿಗೆ ಹೊತ್ತೊಯ್ಯುತ್ತದೆ. ಜಿರಾಫೆ ಮುಂಗಾಲು ಅಗಲಿಸಿ ಬಗ್ಗುವ ಮುನ್ನ ಸುತ್ತ ನೋಡುತ್ತದೆ, ಮತ್ತೆ ನೋಡುತ್ತದೆ, ಏಕೆಂದರೆ ಸಿಂಹಕ್ಕೆ ಆ ಗಳಿಗೆಯೇ ಅನುಕೂಲ. ಆನೆಹಿಂಡು ಬಂದರೆ ಜೀಬ್ರಾಗಳೂ ಓರಿಕ್ಸ್‌ಗಳೂ ದಾರಿ ಬಿಟ್ಟು ಕಾಯುತ್ತವೆ. ಓಡುವ ವಾಹನದಿಂದ ಪ್ರಾಣಿಯ ಹೆಸರು ತಿಳಿಯುತ್ತದೆ. ಯಾರಿಗೆ ಯಾರ ಭಯ, ಯಾರ ಸರದಿ ಯಾವಾಗ ಎಂಬುದು ಕೂತವರಿಗೇ ತಿಳಿಯುವುದು. ಇರುಳಲ್ಲಿ ಒಕೌಕ್ವೆಯೋ ವಸತಿ ಶಿಬಿರದ ಹೊಂಡಕ್ಕೆ ದೀಪ ಹಾಕುತ್ತಾರೆ. ಒಂಟಿಜೀವಿ ಎಂದು ಹೆಸರಾದ ಕಪ್ಪು ಖಡ್ಗಮೃಗಗಳು ಅಲ್ಲಿ ಒಂದಕ್ಕೊಂದು ಎದುರಾಗುವ ಬಗೆಯನ್ನು ನೋಡುವುದೇ ಒಂದು ಸೊಗಸು.

ಅಷ್ಟು ದುಡ್ಡು ಸುರಿದು ಹೋದವರು ಐದು ದೊಡ್ಡ ಪ್ರಾಣಿಗಳ ಪಟ್ಟಿಯನ್ನಾದರೂ ಮುಗಿಸಬೇಡವೇ ಎಂದು ಕೇಳಬಹುದು. ಎಟೋಶಾದಲ್ಲಿ ಆ ಐದರಲ್ಲೊಂದಾದ ಕಾಡೆಮ್ಮೆಯೇ ಇಲ್ಲ, ಎಷ್ಟು ಸುತ್ತಿದರೂ ಆ ಪಟ್ಟಿ ಮುಗಿಯದು. ಮಳೆಗಾಲದಲ್ಲಿ ಎಲ್ಲೆಡೆ ನೀರು ನಿಂತು ಪ್ರಾಣಿಗಳು ಚದುರುತ್ತವೆ, ಆಗ ಸುತ್ತಾಟವೇ ಸರಿ ಎಂಬ ಮಾತನ್ನು ಒಪ್ಪುತ್ತೇನೆ. ಕೊಳವೆಬಾವಿಯ ನೀರು, ವಿದ್ಯುತ್ ದೀಪ, ಇದೆಲ್ಲ ಮನುಷ್ಯ ಹೂಡಿದ ಆಟವಲ್ಲವೇ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದುದು. ನೀರನ್ನು ಮನುಷ್ಯ ಇಟ್ಟಿರುವುದು ನಿಜ. ಬೇಲಿ ಹಾಕಿ ವಲಸೆಯ ದಾರಿ ಮುಚ್ಚಿದ ಮೇಲೆ ಅದು ಅವನ ಹೊಣೆಯೂ ಹೌದು. ಆದರೆ ಬರುವುದು, ಹಿಂಜರಿಯುವುದು, ಬಿಟ್ಟುಕೊಡುವುದು ಪ್ರಾಣಿಗಳದೇ ತೀರ್ಮಾನ. ಇಲ್ಲಿನ ಬುಗ್ಗೆಗಳನ್ನು ಪ್ರವಾಸಿಗಿಂತ ಬಹಳ ಮೊದಲೇ ಬಲ್ಲವರು ಹೈಓಮ್ ಜನ. ಅವುಗಳ ಸುತ್ತಲೇ ಬಾಳಿದ ಅವರಲ್ಲಿ ಹೆಚ್ಚಿನವರನ್ನು 1954ರಲ್ಲಿ ಅಲ್ಲಿಂದ ಹೊರಹಾಕಲಾಯಿತು. ಹೊಂಡದ ಎದುರು ಕೂರುವವರು ಈ ಸಂಗತಿಯನ್ನೂ ತಿಳಿದಿರಬೇಕು.

ನೀರು ಕಡಿಮೆಯಾದಲ್ಲಿ ತಾಳ್ಮೆಗೆ ಫಲ ಹೆಚ್ಚು. ಬೇಸಿಗೆಯಲ್ಲಿ ಕಬಿನಿ ಹಿನ್ನೀರಿನಂಚಿಗೆ ಆನೆಗಳು ಇಳಿಯುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಎಟೋಶಾಕ್ಕೆ ಹೋಗುವವರು ನೋಡಬೇಕಾದ ಜಾಗಗಳ ಪಟ್ಟಿಯಲ್ಲಿ ಅರ್ಧವನ್ನು ಹೊಡೆದುಹಾಕಿ, ಉಳಿದ ಹೊತ್ತನ್ನು ಒಂದೇ ಹೊಂಡಕ್ಕೆ ಕೊಡಿ.