ಕೈ ಎತ್ತಿ ನಿಂತ ಕಲ್ಲುಗಳು

ಬೋಸ್ನಿಯಾಕ್ಕೆ ಹೋದವರು ಸಾಮಾನ್ಯವಾಗಿ ಮೋಸ್ತಾರ್‌ನ ಹಳೆಯ ಸೇತುವೆಯ ಮೇಲೆ ಒಂದು ಫೋಟೋ ತೆಗೆಸಿಕೊಂಡು ಹಿಂದಿರುಗುತ್ತಾರೆ. ಅಲ್ಲಿಂದ ದಕ್ಷಿಣಕ್ಕೆ ಇನ್ನೊಂದು ಗಂಟೆಯೊಳಗೆ ಸ್ತೋಲಾತ್ಸ್ ಎಂಬ ಸಣ್ಣ ಊರು ಸಿಗುತ್ತದೆ. ಊರಿಗೆ ಮೂರು ಕಿಲೋಮೀಟರ್ ಇರುವಾಗಲೇ ರಸ್ತೆಯ ಅಂಚಿನಲ್ಲಿ ರಾದಿಮ್ಲ್ಯಾ ಸ್ಮಶಾನವಿದೆ. ನಾನು ಹೋಗಿದ್ದು ಅದನ್ನು ನೋಡಲೆಂದೇ.

ಇಲ್ಲಿರುವುದು 133 ಸುಣ್ಣದಕಲ್ಲಿನ ಸಮಾಧಿಗಳು. ಹೆಚ್ಚಿನವು 15 ಮತ್ತು 16ನೇ ಶತಮಾನದವು. ಕೆಲವು ನೆಲಕ್ಕೆ ಹಾಸಿದ ಚಪ್ಪಡಿ, ಕೆಲವು ದೊಡ್ಡ ಪೆಟ್ಟಿಗೆಯಂತೆ, ಇನ್ನು ಕೆಲವು ಇಳಿಜಾರು ಮಾಡಿನ ಪುಟ್ಟ ಮನೆಯಂತೆ. ಇಂಥ ಕಲ್ಲಿಗೆ ಅಲ್ಲಿಯವರು 'ಸ್ತೆಚಾಕ್' ಎನ್ನುತ್ತಾರೆ. ಬದಿಗಳಲ್ಲಿ ದ್ರಾಕ್ಷಿ ಬಳ್ಳಿ, ಬಿಲ್ಲು-ಬಾಣ, ಬೇಟೆ, ಕೈ ಕೈ ಹಿಡಿದು ಕುಣಿಯುವವರ ಸಾಲು. ಎಲ್ಲಕ್ಕಿಂತ ಪ್ರಸಿದ್ಧನಾದವನು ಬಲಗೈ ಎತ್ತಿ ನಿಂತ ಗಂಡಸು. ಅಂಗೈ ಮಾತ್ರ ಮೈಗಿಂತ ವಿಪರೀತ ದೊಡ್ಡದು. ಅದು ನಮಸ್ಕಾರವೋ, ಪ್ರಮಾಣವೋ, 'ಅಲ್ಲೇ ನಿಲ್ಲು' ಎಂಬ ಎಚ್ಚರಿಕೆಯೋ, ಪಂಡಿತರು ಇನ್ನೂ ಚರ್ಚಿಸುತ್ತಲೇ ಇದ್ದಾರೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಸಂಗತಿ. ಮಧ್ಯಯುಗದಲ್ಲಿ ಈ ಬಗೆಯ ಕಲ್ಲನ್ನು ಕ್ಯಾಥೊಲಿಕರೂ ಇಟ್ಟರು, ಆರ್ಥೊಡಾಕ್ಸ್ ಕ್ರೈಸ್ತರೂ ಇಟ್ಟರು, ಬೋಸ್ನಿಯಾದ ಸ್ವಂತ ಚರ್ಚಿನವರೂ ಇಟ್ಟರು. ಕೆತ್ತನೆ ನೋಡಿ ಇವನು ಯಾವ ಮತದವನೆಂದು ಹೇಳುವುದು ಬಹಳ ಕಡೆ ಕಷ್ಟ.

ಅದೇ ಸ್ತೋಲಾತ್ಸ್‌ನಲ್ಲಿ 1993ರ ಯುದ್ಧದಲ್ಲಿ ಮಸೀದಿಗಳನ್ನು ಕೆಡವಿದರು, ಬೋಸ್ನಿಯಾಕ್ ಮುಸ್ಲಿಮರನ್ನು ಊರು ಬಿಡಿಸಿದರು. 1519ರ ಮಸೀದಿಯನ್ನು ಆಮೇಲೆ ಮತ್ತೆ ಕಟ್ಟಿದ್ದಾರೆ. ಆದರೆ ಯುದ್ಧದ ನಂತರ ಮಕ್ಕಳಿಗೆ ಒಂದೇ ಕಟ್ಟಡದಲ್ಲಿ ಎರಡು ಶಾಲೆಗಳಾದವು: ಕ್ರೊಯೇಷಿಯನ್ ಮಕ್ಕಳಿಗೊಂದು ಪಠ್ಯ, ಬೋಸ್ನಿಯಾಕ್ ಮಕ್ಕಳಿಗೊಂದು. ಅಜ್ಜ-ಮುತ್ತಜ್ಜಂದಿರು ಒಂದೇ ಬಗೆಯ ಕಲ್ಲಿನಡಿ ಮಲಗಿದ ನಾಡಿದು!

ಕಲ್ಲುಗಳಿಗೂ ಕಷ್ಟ ತಪ್ಪಿಲ್ಲ. 19ನೇ ಶತಮಾನದ ಕೊನೆಯಲ್ಲಿ ಆಸ್ಟ್ರಿಯಾ-ಹಂಗೇರಿಯ ಆಡಳಿತ ಸ್ಮಶಾನದ ನಡುವೆಯೇ ರಸ್ತೆ ಹಾಯಿಸಿ ಕೆಲವನ್ನು ಹಾಳುಮಾಡಿತು. ಇಂದಿಗೂ ಲಾರಿಗಳು ಪಕ್ಕದಲ್ಲೇ ಓಡುತ್ತವೆ. ಆದರೆ ಒಂದು ಸಮಾಧಾನದ ಮಾತೂ ಇದೆ. ಬೋಸ್ನಿಯಾ, ಕ್ರೊಯೇಷಿಯಾ, ಮಾಂಟೆನೆಗ್ರೊ, ಸರ್ಬಿಯಾ, ಒಂದು ಕಾಲಕ್ಕೆ ಪರಸ್ಪರ ಕಾದಾಡಿದ ನಾಡುಗಳು, ಈ ಕಲ್ಲುಗಳಿಗಾಗಿ ಜೊತೆಯಾಗಿ ಅರ್ಜಿ ಹಾಕಿದವು. 2016ರಲ್ಲಿ ರಾದಿಮ್ಲ್ಯಾ ಸೇರಿ 28 ಸ್ಮಶಾನಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು.

ಹೋಗುವುದಾದರೆ ಸಂಜೆಗೆ ಹೋಗಿ. ನಡು ಮಧ್ಯಾಹ್ನ ಕೆತ್ತನೆ ಮಂಕಾಗಿರುತ್ತದೆ. ಇಳಿಬಿಸಿಲು ಓರೆಯಾಗಿ ಬಿದ್ದಾಗ ಬೆರಳು ಬೆರಳೂ ಎದ್ದು ಕಾಣುತ್ತದೆ. ಆಮೇಲೆ ಊರೊಳಗೂ ಹೋಗಿ, ಒಂದು ಕಾಫಿ ಕುಡಿದು ಬನ್ನಿ.